ಬೀಗರ ಮುಖ ಮಬ್ಬು

ಬ್ರೇಕ್ ಹಾಕಿದೆ!

ಸ್ಕೂಟಿ ಕಿರ್ರೆಂದು ಅಡ್ಡ ನಿಂತಿತು. ಮುಂದೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಜೀಪು. ಎರಡೂ ಕಡೆ ಜೋಳದ ಹೊಲ.

ಸಿಕ್ಕಿಬಿದ್ದೆವು.

ಹಿಂದಿನ ಸೀಟಿನಲ್ಲಿ ವಿಡಿಯೋಗ್ರಾಫರ್ ಅನೀಲಕುಮಾರ ಕ್ಯಾಮೆರಾ ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂತಿದ್ದ.

"ಅಕ್ಕಾ... ನನ್ನ ಜೀವಂತ ಬಿಡಂಗಿಲ್ಲ ಅವರು."

"ಬಾಯಿ ಮುಚ್ಚು. ಲೆನ್ಸ್ ನಂದು. ಅದಕ್ಕ ಏನರ ಆತಂದ್ರ ಅವರಕಿಂತ ಮೊದಲ ನಾನ ಬಿಡಂಗಿಲ್ಲ!"

ನನ್ನ ಹೆಸರು ಹುಮಾ. ಇಂಡಿ ಪಟ್ಟಣದಲ್ಲಿ ಅಂಗಡಿ. ವಿಡಿಯೋ ಮಾಡುವವರಿಗೆ ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾವ ಮೈಕು ಬೇಕೆಂದು ಆರಿಸಿ ಬಾಡಿಗೆಗೆ ಕೊಡುವುದು ನನ್ನ ಕಸುಬು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದೆಲ್ಲ ಬರುತ್ತಾರೆ. ಬಂದವರಿಗೆ ನನ್ನದು ಒಂದೇ ಪ್ರಶ್ನೆ... ಏನು ತೋರಿಸಬೇಕು? ಹೊಲದಲ್ಲಿ ನಿಂತು ಮಾತಾಡುವವರಿಗೆ ಮೊದಲು ಮೈಕು. ಗಾಳಿಯಲ್ಲಿ ಮಾತೇ ಕೇಳದಿದ್ದರೆ ಫೋರ್‌ಕೆ ಕ್ಯಾಮೆರಾ ಕಟ್ಟಿಕೊಂಡು ಏನು ಮಾಡ್ತೀರಿ! ನಿಶ್ಚಯ, ಮದುವೆ ಎಂದರೆ ವೈಡ್ ಲೆನ್ಸ್. ಮಂದಿ ಜಾಸ್ತಿ. ಎಲ್ಲರೂ ಕಾಣಬೇಕು.

ಅನೀಲಕುಮಾರನಿಗೂ ಅದನ್ನೇ ಹೇಳಿದ್ದೆ. ಕೇಳಲಿಲ್ಲ. ಮುಂದಿನ ಮುಖವೊಂದನ್ನೇ ಸ್ಪಷ್ಟ ತೋರಿಸಿ ಹಿಂದಿನದೆಲ್ಲ ಮಬ್ಬು ಮಾಡುವ ಪೋರ್ಟ್ರೇಟ್ ಲೆನ್ಸೇ ಬೇಕೆಂದು ಹಟ ಹಿಡಿದು ಒಯ್ದ. ತಾಂಬಾದ ವಿಜಯಲಕ್ಷ್ಮಿಯ ನಿಶ್ಚಯಕ್ಕೆ.

ವಿಜಯಲಕ್ಷ್ಮಿ ಚೆಂದ ಬಂದಳು. ಅವಳ ಹಿಂದೆ ನಿಂತ ದೇವಣಗಾಂವದ ಬೀಗರು ಪೂರಾ ಮಬ್ಬು! ಅದರಲ್ಲೂ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದ ಹುಡುಗನ ಅಜ್ಜಿ ಶಂಕ್ರೆವ್ವ.

ಇವತ್ತು ಮಧ್ಯಾಹ್ನ ವಿಜಯಲಕ್ಷ್ಮಿಯ ಫೋನು ಬಂತು.

"ಹುಮಕ್ಕಾ, ಮಾವಾರು ನಿಶ್ಚಯ ಮುರೀತೇನಿ ಅಂತ ಬಂದಾರ. ಅನೀಲನ್ನ ಹುಡುಕಾಕತ್ತಾರ. ನನಗ ಆ ಹುಡುಗನ ಬೇಕು. ಏನರ ಮಾಡಕ್ಕಾ..."

ಅಳುತ್ತಿದ್ದಳು. ಅಳು ಕೇಳಿದರೆ ನಾನು ಮೆತ್ತಗಾಗಿಬಿಡುತ್ತೇನೆ, ಅದೊಂದು ದರಿದ್ರ ಗುಣ. ತಾಂಬಾಕ್ಕೆ ಹೋದೆ. ಅನೀಲಕುಮಾರನನ್ನು ಅವನ ಮನೆಯ ಹಿತ್ತಲಿಂದ ಎತ್ತಿಹಾಕಿಕೊಂಡು ಹೊರಟೆ. ಜೀಪು ಬೆನ್ನು ಹತ್ತಿತು.

ಈಗ ಅದರ ಬಾಗಿಲು ತೆರೆಯಿತು. ಹುಡುಗನ ಅಪ್ಪ ರಾವಸಾಬ ಇಳಿದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ!

"ತಗೀ ಆ ಕ್ಯಾಮೆರಾ! ಪುಡಿಪುಡಿ ಮಾಡ್ತೇನಿ!"

"ಯಾಕ್ರಿ ಸಾವಕಾರ್ರ?"

"ಟೀವ್ಯಾಗ ಮುಖಾ ಮಬ್ಬ ಮಾಡಿ ಯಾರ್ನ ತೋರಸ್ತಾರ? ಹೇಳು!"

ಕೊಯ್ತಾ ನನ್ನತ್ತ ಚಾಚಿ ತಾನೇ ಉತ್ತರ ಕೊಟ್ಟ.

"ಕಳ್ಳರ್ನ! ಕೊಲಿ ಮಾಡಿದವರ್ನ! ನಮ್ಮವ್ವ ಯಾರ ಕೊಲಿ ಮಾಡ್ಯಾಳ? ವಾಟ್ಸಾಪ್ ಸ್ಟೇಟಸ್‌ನ್ಯಾಗ ಆ ವಿಡಿಯೋ ನೋಡಿ ಊರಿಗೂರ ನಗಾಕತ್ತೈತಿ!"

ಓಹೋ... ಬೇಕಂತಲೇ ಮುಖಕ್ಕೆ ಮಬ್ಬು ಹಚ್ಚಿಸಿದ್ದಾರೆಂದು ತಿಳಿದಿದ್ದಾನೆ! ನಗು ಉಕ್ಕಿತು. ನುಂಗಿದೆ. ಎದುರಿಗೆ ಕೊಯ್ತಾ ಇದ್ದಾಗ ನಗಬಾರದು.

ಜೀಪಿನ ಮುಂದಿನ ಸೀಟಿನಲ್ಲಿ ಶಂಕ್ರೆವ್ವ ಮುಖ ಬಿಗಿದುಕೊಂಡು ಕೂತಿದ್ದರು.

"ಆಯೀ, ಒಂದ ಸಲ ಕೆಳಗ ಇಳೀರಿ."

"ಯಾಕವಾ? ಇನ್ನೂ ಮರ್ಯಾದಿ ಉಳದೈತೇನ ತಗ್ಯಾಕ?"

"ಇಳೀರಿ. ಆಮ್ಯಾಲ ನನ್ನ ಕಡದ್ರೂ ನಡೀತೈತಿ!"

ಇಳಿದರು. ಅನೀಲನ ಬ್ಯಾಗಿನಿಂದ ಕ್ಯಾಮೆರಾ ತೆಗೆದು ಅವರನ್ನು ಅದರ ಮುಂದೆ ನಿಲ್ಲಿಸಿದೆ. ಅದೇ ಲೆನ್ಸು.

"ಸಾವಕಾರ್ರ, ನೀವು ಆಯಿ ಹಿಂದ ನಿಲ್ರಿ. ಇನ್ನೂ ಹಿಂದ... ಇನ್ನೂ... ಸಾಕ್ರಿ!"

ರೆಕಾರ್ಡ್ ಒತ್ತಿದೆ. ಸ್ಕ್ರೀನ್ ತಿರುಗಿಸಿ ತೋರಿಸಿದೆ.

ಶಂಕ್ರೆವ್ವನ ಮೂಗುತಿಯ ಹರಳು, ಕಣ್ಣಂಚಿನ ಗೆರೆ, ಸೀರೆಯ ಸೆರಗು... ಒಂದೊಂದೂ ಸ್ಪಷ್ಟ. ಹಿಂದೆ ಮುಖವೆಲ್ಲ ಮಬ್ಬಾದ ಒಬ್ಬ ದಾಂಡಿಗ. ಕೈಯಲ್ಲಿ ಕೊಯ್ತಾ!

ಅಜ್ಜಿ ಬೊಚ್ಚುಬಾಯಿ ತೆರೆದು ಬಿದ್ದು ಬಿದ್ದು ನಕ್ಕರು.

"ಏ ರಾವಸಾಬಾ... ಖರೇನ ಕೊಲಿಗಾರ ಕಂಡಂಗ ಕಾಣ್ತಿ ನೋಡೋ!"

"ಲೆನ್ಸಿನ ಗುಣಾನ ಹಂಗ್ರಿ," ಎಂದೆ. "ಮುಂದ ಇದ್ದವರು ಸ್ವಚ್ಛ, ಹಿಂದ ಇದ್ದವರು ಮಬ್ಬ. ಯಾರೂ ಹಚ್ಚಿದ್ದಲ್ಲ."

ರಾವಸಾಬ ಕೊಯ್ತಾವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಶಂಕ್ರೆವ್ವ ಮಾತ್ರ ಕ್ಯಾಮೆರಾ ಬಿಡಲೊಲ್ಲರು.

"ಯವ್ವಾ... ನಾ ಇನ್ನೂ ಇಷ್ಟ ಚೆಂದ ಅದೀನೇನ?"

ಸ್ಕ್ರೀನಿನ ಮೇಲಿನ ತಮ್ಮ ಕೆನ್ನೆಯನ್ನು ಬೆರಳಿನಿಂದ ಸವರಿದರು.

"ಸಂಬಂಧ ಗಟ್ಟಿ," ಅಂದರು ಕಣ್ಣೊರೆಸಿಕೊಂಡು. "ಆದ್ರ ಮದುವಿಗೂ ಇದ ಮಬ್ಬಿನ ಕ್ಯಾಮೆರಾ ಬರಬೇಕು. ಮುಂದ ನಾ ನಿಲ್ತೇನಿ!"

"ಆಯೀ, ಮದುವಿಗಿ ವೈಡ್ ಲೆನ್ಸ್ ಚೊಲೋ..."

ಬೆನ್ನ ಹಿಂದಿನ ಕೊಯ್ತಾ ಮತ್ತೆ ಮುಂದೆ ಬಂತು.

"ಬರತೈತ್ರಿ! ಇದ ಲೆನ್ಸ್ ಬರತೈತಿ!"

ಮದುವೆ ಆಯಿತು. ವಿಡಿಯೋ ನೋಡಿದೆ. ಅಕ್ಷತೆಯಲ್ಲಿ ಶಂಕ್ರೆವ್ವ. ಊಟದಲ್ಲಿ ಶಂಕ್ರೆವ್ವ. ಹೊಸ್ತಿಲಲ್ಲೂ ಶಂಕ್ರೆವ್ವ! ಹಿಂದೆ ಎಲ್ಲೋ ಎರಡು ಬಣ್ಣದ ಮುದ್ದೆಗಳು. ಅವೇ ಮದುಮಕ್ಕಳಂತೆ.

ವಿಜಯಲಕ್ಷ್ಮಿಗೆ ಫೋನ್ ಮಾಡಿದೆ.

"ಬ್ಯಾಸರಾತೇನ ತಂಗಿ?"

"ಏ, ಬಿಡಕ್ಕಾ! ಗಂಡ ನನಗ ಸ್ವಚ್ಛ ಕಾಣ್ತಾನಲ್ಲ... ಮಂದಿಗಿ ಮಬ್ಬ ಕಂಡ್ರನ ಚೊಲೋ!"