ಪರದೆ ತೋರಿಸದ ಬಿಸಿ

“ನನ್ನ ಗ್ರಾಫಿಕ್ಸ್ ಕಾರ್ಡಿನ ವೇಗ ಇಳಿಸಿದ್ದು ನೀವೇ ಅಲ್ವಾ?”

ಕೇಟಾ ಊರಿನ ಮಾರುಕಟ್ಟೆಯ ಆ ಪುಟ್ಟ ಕಂಪ್ಯೂಟರ್ ಅಂಗಡಿ ಒಮ್ಮೆಲೇ ಸ್ತಬ್ಧವಾಯಿತು. ಫೋನ್ ರಿಪೇರಿಗೆ ಬಂದಿದ್ದ ಇಬ್ಬರು ಮೀನು ಮಾರುವ ಹೆಂಗಸರು ಮುಖ ಮುಖ ನೋಡಿಕೊಂಡರು. ಜಿಫಾ ದನಿ ಎತ್ತಿದ್ದನ್ನು ಐದು ತಿಂಗಳಿಂದ ಯಾರೂ ಕೇಳಿರಲಿಲ್ಲ!

ನಿಜ ಹೇಳಬೇಕೆಂದರೆ ಅವಳಿಗೆ ಸಿಟ್ಟೂ ಬಂದಿರಲಿಲ್ಲ. ಬಾಯಿ ಮಾತ್ರ ಜೋರಾಗಿತ್ತು... ಒಳಗೆ ಏನೂ ಇರಲಿಲ್ಲ.

ಅಂಗಡಿಯ ಎಲಿಕೆಮ್ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಹೌದು. ನಿನ್ನೆ ಮಂಗಳವಾರ ಧೂಳು ತೆಗೆಯೋಕೆ ಬಂದಾಗ ಇಳಿಸಿದೆ.”

“ಯಾಕೆ?”

“ಇಲ್ಲಿ ಬೇಡ ಜಿಫಾ. ಮನೆಗೆ ಬಂದು ಹೇಳ್ತೀನಿ.”

“ಬಂದಿದ್ರಲ್ಲ ಎಫೊ ಎಲಿಕೆಮ್!” ಎಂದಳು, ಎಫೊ ಎಂಬ ಗೌರವದ ಮಾತನ್ನು ಆಗಲೂ ಬಿಡದೆ. “ಇವತ್ತೇ ಎರಡು ಸಲ ಬಂದ್ರಿ. ಬಾಗಿಲಲ್ಲಿ ಕಂಬದ ಹಾಗೆ ನಿಂತ್ರಿ, ಹೋದ್ರಿ. ನನಗೆ ಗೊತ್ತು ಬಿಡಿ. ನಾನು ಅಕ್ರಾಗೆ ಹೋಗಬಾರದು, ಅದಕ್ಕೆ ತಾನೇ?”

ಅವನು ತಲೆ ತಗ್ಗಿಸಿದ. ಇಲ್ಲ ಅನ್ನಲಿಲ್ಲ.

“ಮಾತಾಡೋ ಮಾರಾಯ, ಬಾಯಲ್ಲೇನು ಅಬೊಲೊ ಕಡುಬು ತುರುಕಿಕೊಂಡಿದೀಯಾ?” ಎಂದಳು ಮೀನಿನವರಲ್ಲೊಬ್ಬಳು. ಜಿಫಾ ಹೊರಟುಬಿಟ್ಟಳು.

*ಇಲ್ಲ ಅಂದಿದ್ದರೆ ನಂಬುತ್ತಿದ್ದೆನೋ ಏನೋ...*

ಅಪ್ಪ ತೀರಿಕೊಂಡ ಮೇಲೆ ಜಿಫಾ ಅತ್ತಿರಲೇ ಇಲ್ಲ. ಶವಸಂಸ್ಕಾರದ ಶನಿವಾರ ಊರಿಗೆ ಊರೇ ಕೆಂಪು ಕಪ್ಪು ಬಟ್ಟೆ ಉಟ್ಟು ಗೋಳಾಡುವಾಗ ಅವಳು ಬಂದವರಿಗೆ ಕುರ್ಚಿ ಜೋಡಿಸುತ್ತಿದ್ದಳು. ಗಟ್ಟಿಗಿತ್ತಿ ಎಂದು ಜನ ಹೊಗಳಿದರು. ಹೊಗಳಿದ್ದೂ ಅವಳಿಗೆ ತಟ್ಟಲಿಲ್ಲ. ಊಟ ಮಾಡಿದರೆ ಊಟ, ಇಲ್ಲದಿದ್ದರೆ ಇಲ್ಲ.

ಉಳಿದಿದ್ದು ಒಂದೇ ಕೆಲಸ. ಮಕ್ಕಳಿಗಾಗಿ ಅವಳೇ ಮಾಡುತ್ತಿದ್ದ ಒಂದು ಕಾರ್ಟೂನ್ ಚಿತ್ರ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅಕ್ರಾದ ಟಿವಿ ವಾಹಿನಿಗೆ ತಲುಪಿದರೆ ಅಲ್ಲಿ ಕಾಯಂ ನೌಕರಿ. ಏನೂ ಅನ್ನಿಸದ ಈ ಮನೆಯಿಂದ ಆಚೆ ಹೋದರೆ ಏನಾದರೂ ಅನ್ನಿಸೀತು ಎಂಬುದು ಅವಳ ಲೆಕ್ಕ.

ಅದಕ್ಕೆಂದೇ ಎಲಿಕೆಮ್ ಹತ್ತಿರ ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದಳು. ಅದರ ವೇಗ ಏರಿಸುವುದನ್ನು ಕಲಿಸಿದವನೂ ಅವನೇ.

“ಒಂದೇ ಸಲಕ್ಕೆ ಏರಿಸಬೇಡಿ. ಚೂರು ಏರಿಸಿ, ಹತ್ತು ನಿಮಿಷ ಓಡಿಸಿ, ಬಿಸಿ ನೋಡಿ. ಎಂಬತ್ತು ಡಿಗ್ರಿ ದಾಟಿದ್ರೆ, ಇಲ್ಲಾ ಪರದೇಲಿ ಬಣ್ಣದ ಚುಕ್ಕಿ ಕಂಡ್ರೆ, ಒಂದು ಹೆಜ್ಜೆ ಹಿಂದೆ ಬಂದುಬಿಡಿ.”

ಅವಳು ಅಕ್ಷರಶಃ ಹಾಗೇ ಮಾಡಿದ್ದಳು. ಪರದೆಯ ಮೂಲೆಯ ಆ ಅಂಕಿಯನ್ನೇ ದಿನವಿಡೀ ನೋಡುತ್ತ ಕೂರುವುದು ಅವಳಿಗೆ ಹಿತವಾಗಿತ್ತು. ಕಾರ್ಟೂನಿನ ಒಂದೊಂದು ಬಿಡಿಚಿತ್ರ ಸಿದ್ಧವಾಗಲು ಆರು ನಿಮಿಷ ಸಾಕಾಗುತ್ತಿತ್ತು. ಈಗ ಒಂಬತ್ತು ಬೇಕಿತ್ತು. ಹೀಗಾದರೆ ಶುಕ್ರವಾರಕ್ಕೆ ಮುಗಿಯುವ ಮಾತೇ ಇಲ್ಲ!

ಮನೆಗೆ ಬಂದವಳೇ ವೇಗವನ್ನು ಮತ್ತೆ ಮೊದಲಿನಷ್ಟಕ್ಕೆ ಏರಿಸಿದಳು. ಎಪ್ಪತ್ತೊಂದು ಡಿಗ್ರಿ. *ಎಲ್ಲ ಸರಿಯಿದೆ. ಅವನೇ ಸರಿಯಿಲ್ಲ.*

ಗುರುವಾರ ಬೆಳಗ್ಗೆ ಪರದೆ ತುಂಬ ಹಸಿರು, ನೇರಳೆ ಚುಕ್ಕಿಗಳು ಎದ್ದವು. ಯಂತ್ರ ತಾನಾಗಿ ಆರಿ, ಮತ್ತೆ ಶುರುವಾಯಿತು. ಅಂಕಿ ಮಾತ್ರ ಎಪ್ಪತ್ತೊಂದೇ!

ಅಷ್ಟರಲ್ಲಿ ಬಾಗಿಲಲ್ಲಿ ಎಲಿಕೆಮ್. ತಲೆಯ ಮೇಲೆಲ್ಲ ಹಾರ್ಮಟಾನ್ ಗಾಳಿಯ ಧೂಳು, ಕೈಯಲ್ಲೊಂದು ಪೊಟ್ಟಣ.

“ಏನು?” ಎಂದಳು, ಕೂತಲ್ಲಿಂದಲೇ.

“ಏನಿಲ್ಲ...”

ಅಂಗಳದಿಂದ ಒಂದು ಗುಡುಗು ಬಂತು. “ಏನಿಲ್ಲ ಅಂದ್ರೆ ಯಾಕಪ್ಪ ಬಂದೆ?”

ಅಪ್ಪನ ಅಕ್ಕ, ತಾಸಿ ಅಬ್ಲಾ, ಅಂದರೆ ಅಬ್ಲಾ ಅತ್ತೆ! ಅನ್ಲೋಗಾದ ತನ್ನ ಈರುಳ್ಳಿ ಮಡಿಗಳಿಂದ ಆಗಷ್ಟೇ ಬಂದಿದ್ದಳು.

“ಮೂರನೇ ಸಲ ಬಂದಿದೀನಿ ತಾಸಿ.”

“ಕೂತ್ಕೊಂಡ್ಯಾ? ನೀರು ಕುಡಿದ್ಯಾ?”

“ಇಲ್ಲ ತಾಸಿ.”

ತಾಸಿ ಜಿಫಾಳ ಕಡೆ ತಿರುಗಿದಳು. “ಅಯ್ಯೋ ನಿನ್ನ! ಬಂದೋರಿಗೆ ಕುರ್ಚಿ ಇಲ್ಲ, ನೀರಿಲ್ಲ, ಏನು ಸುದ್ದಿ ಅಂತ ಒಂದು ಮಾತಿಲ್ಲ. ನೀರು ಕೊಡದ ಮನೇಲಿ ಮರ್ಯಾದಸ್ಥ ಹೇಗೆ ಬಾಯಿ ಬಿಡ್ತಾನೆ? ನಿಮ್ಮಪ್ಪ ನಾಯಿಗೂ ನೀರಿಟ್ಟು ಸುದ್ದಿ ಕೇಳೋನು!”

ಜಿಫಾ ಎದ್ದಳು. ಐದು ತಿಂಗಳಲ್ಲಿ ಈ ಮನೆಗೆ ಬಂದ ಎಷ್ಟು ಜನ ಹೀಗೇ ಬಾಯಾರಿ ಹೋದರೋ... ಅವಳಿಗೆ ಒಬ್ಬರೂ ನೆನಪಿಗೆ ಬರಲಿಲ್ಲ.

ಲೋಟ ಕೊಟ್ಟಳು. ಅವನು ತೀರಿಹೋದ ಹಿರಿಯರಿಗೆಂದು ನೆಲಕ್ಕೆ ನಾಲ್ಕು ಹನಿ ಚೆಲ್ಲಿ, ಉಳಿದದ್ದನ್ನು ಕುಡಿದ.

“ನಮ್ಮ ಕಡೆ ಎಲ್ಲ ಕ್ಷೇಮ,” ಎಂದಳು, ಅಪ್ಪ ಅನ್ನುತ್ತಿದ್ದ ಹಾಗೇ. “ನೀವು ಬಂದ ವಿಷಯ?”

“ತಪ್ಪು ಒಪ್ಪಿಕೊಳ್ಳೋಕೆ ಬಂದೆ. ಆ ಎಪ್ಪತ್ತೊಂದು ಇದೆಯಲ್ಲ, ಅದು ಬರೀ ಮಧ್ಯದ ಚಿಪ್‌ನ ಬಿಸಿ. ಸುತ್ತ ಇರೋ ಮೆಮೊರಿಯ ಬಿಸಿ ಬೇರೆ. ಅದನ್ನ ನೋಡೋದು ಹೇಗೆ ಅಂತ ನಿಮಗೆ ಹೇಳೇ ಇರಲಿಲ್ಲ. ಮಂಗಳವಾರ ನೋಡಿದ್ರೆ... ನೂರೆಂಟು ಡಿಗ್ರಿ!”

“ನೂರೆಂಟಾ?”

“ಡಿಜಿಟಲ್ ನಾಣ್ಯ ತೆಗೆಯೋರ ಹತ್ರ ಎರಡು ವರ್ಷ ಹಗಲೂ ರಾತ್ರಿ ದುಡಿದ ಕಾರ್ಡಂತೆ ಅದು. ಬಿಸಿ ಎಳೆಯೋ ಮೆತ್ತೆಗಳು ಒಳಗೇ ಒಣಗಿಹೋಗಿವೆ. ನಾನು ಬಿಚ್ಚಿ ನೋಡದೆ ನಿಮಗೆ ಮಾರಿದೆ. ಅದಕ್ಕೇ ವೇಗ ಇಳಿಸಿದ್ದು. ಹೊಸ ಮೆತ್ತೆ ಗಡಿಯಾಚೆ ಲೊಮೆಯಿಂದ ತರಿಸಿದೀನಿ, ಮುಕ್ಕಾಲು ಗಂಟೆ ಕೊಡಿ.”

ಅವನು ಕಾರ್ಡ್ ಬಿಚ್ಚಿದ. ಬಿಸ್ಕತ್ತಿನ ಹಾಗೆ ಪುಡಿಯಾಗಿದ್ದ ಹಳೆಯ ಮೆತ್ತೆ ಕೆರೆದ, ಹೊಸದು ಅಂಟಿಸಿದ, ಫ್ಯಾನಿನ ಓಟ ಹೆಚ್ಚಿಸಿದ. ಎರಡೂ ಬಿಸಿ ಒಟ್ಟಿಗೇ ಕಾಣುವಂತೆ ಪರದೆಯಲ್ಲಿ ಇನ್ನೊಂದು ಸಾಲು ತೆರೆದ. ಮೆಮೊರಿಯ ಬಿಸಿ ಎಂಬತ್ತಾರಕ್ಕೆ ನಿಂತಿತು, ಮೆಮೊರಿಗೆ ಅಷ್ಟು ಬಿಸಿ ಅಪಾಯವಿಲ್ಲವಂತೆ. ಉಳಿದ ಬಿಡಿಚಿತ್ರಗಳಲ್ಲಿ ಅರ್ಧವನ್ನು ತನ್ನ ಅಂಗಡಿಯ ಯಂತ್ರಕ್ಕೆ ಒಯ್ದ.

ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ ಚಿತ್ರ ಅಕ್ರಾ ತಲುಪಿತು. ಎರಡು ಗಂಟೆಗೆ ಉತ್ತರ ಬಂತು. ಸೋಮವಾರದಿಂದಲೇ ಬನ್ನಿ!

ಸುದ್ದಿ ಹೇಳಲು ಜಿಫಾ ಅಂಗಡಿಗೆ ಹೋದಳು. ಅವನು ನಕ್ಕು ಶುಭಾಶಯ ಹೇಳಿದ. ನಗು ಕಣ್ಣಿನವರೆಗೆ ಹೋಗಲಿಲ್ಲ.

“ಮೊನ್ನೆ ನಾನು ಅಕ್ರಾ ಮಾತು ಎತ್ತಿದಾಗ ಇಲ್ಲ ಅನ್ನಬಹುದಿತ್ತಲ್ಲ... ಯಾಕೆ ಸುಮ್ಮನಿದ್ರಿ?”

“ಅಂದಿದ್ರೆ ಸುಳ್ಳಾಗ್ತಿತ್ತು. ಆ ನೂರೆಂಟು ನೋಡಿದಾಗ ಒಂದು ಗಳಿಗೆ ಯೋಚಿಸಿದೆ ಜಿಫಾ. ನಾನೇನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ರೆ ಸಾಕಿತ್ತು. ಕಾರ್ಡ್ ತಾನೇ ಸುಟ್ಟುಹೋಗ್ತಿತ್ತು, ನೀವು ಇಲ್ಲೇ ಉಳೀತಿದ್ರಿ.”

“ಮತ್ತೆ?”

“ಮತ್ತೇನು... ಇಳಿಸಿದೆ. ನನಗೆ ನೀವಂದ್ರೆ ಪ್ರಾಣ. ಅದಕ್ಕೇ.”

ಜಿಫಾಳ ಎದೆಯಲ್ಲಿ ಏನೋ ಚುಚ್ಚಿತು. ಅವಳಿಗೆ ಮೊದಲು ಭಯವಾಯಿತು, ಕಾಯಿಲೆಯೇನೋ ಅಂದುಕೊಂಡಳು. ಆಮೇಲೆ ತಿಳಿಯಿತು... ಇದು ನೋವು! ಇವನನ್ನು ಬಿಟ್ಟು ಹೋಗುವ ನೋವು. ಅದರ ಹಿಂದೆಯೇ ಅಪ್ಪನದೂ ಬಂತು, ಐದು ತಿಂಗಳದ್ದು ಒಟ್ಟಿಗೆ. ಅವಳು ಸಿಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

“ಎಲಿಕೆಮ್.” ಎಫೊ ಅನ್ನುವುದನ್ನು ಮರೆತೇಬಿಟ್ಟಿದ್ದಳು. “ನನಗೆ ಅಳು ಬರ್ತಿದೆ.”

“ಬರಲಿ ಬಿಡು.”

“ಜನ ನೋಡ್ತಾರೆ...”

ಅವನು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬಂದು ಪಕ್ಕದಲ್ಲಿ ಕೂತ. ಅವಳು ಅವನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಸೋಮವಾರ ನಾನು ಹೋಗ್ತೀನಿ,” ಎಂದಳು ಬಿಕ್ಕುತ್ತಲೇ.

“ಗೊತ್ತು.”

“ನೀನು ಶನಿವಾರ ಬಾ. ಪ್ರತಿ ಶನಿವಾರ. ತಪ್ಪಿಸಿದರೆ ನೋಡು!”

“ಬರ್ತೀನಿ ಕಣೇ.”