ಯಶೋದಾಳ ದನಿ ಕಟ್ಟಿದ ದಾರ

“ದಾರ ಮಾತ್ರ ಕಡೀಬ್ಯಾಡ ಕಣಪ್ಪಾ. ಬ್ಯಾಟ್ರಿ ಹಾಕು, ಕೊಡು. ಹೊಸದು ಇನ್ನೇನೂ ಅದರೊಳಕ್ಕೆ ಬಿಡಬ್ಯಾಡ.”

ಚೌಳಹಿರಿಯೂರಿನ ಮಲ್ಲಿಕಾಂಬ ಅರಿಶಿನದ ಬಟ್ಟೆ ಬಿಚ್ಚಿ ಮೊಬೈಲನ್ನು ಗಾಜಿನ ಮೇಜಿನ ಮೇಲಿಟ್ಟಳು. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದುಕೊಂಡಿತ್ತು. ಅದರ ಸುತ್ತ ಬಿಗಿಯಾಗಿ ಒಂಬತ್ತು ಸುತ್ತು ಕಪ್ಪು ದಾರ, ನಡುವೆ ಒಂದು ತಾಮ್ರದ ತಗಡು. ಹರಳೆಣ್ಣೆ, ಸುಟ್ಟ ಕೂದಲು, ಒಣಗಿದ ನಿಂಬೆಹಣ್ಣು, ಎಲ್ಲ ಕಲೆತ ಒಂದು ವಾಸನೆ ಮೂಗಿಗೆ ಅಡರಿತು.

ಚಂದ್ರಕುಮಾರ್ ದಾವಣಗೆರೆಯಿಂದ ಬಂದು ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಅವನು ನಕ್ಕುಬಿಟ್ಟ.

“ಫೋನಿಗೂ ತಾಯತ ಕಟ್ಸಿದೀರಲ್ಲ ಅಜ್ಜಿ!”

“ನಗಬ್ಯಾಡ. ನನ್ನ ಮಗಳು ಯಶೋದಾ ಇದಾಳೆ ಅದರಲ್ಲಿ.”

ಯಶೋದಾ ಅಜ್ಜಂಪುರದ ಕಡೆ ಟೀಚರ್ ಆಗಿದ್ದಳು. ಏಳು ವರ್ಷದ ಹಿಂದೆ ಒಂದು ಸಂಜೆ, ಹೊರಡುವ ಮುಂಚೆ ಅವ್ವನಿಗೆ ಫೋನು ಮಾಡಿದಳು. ಸ್ಕೂಟರು ಮನೆ ಮುಟ್ಟಲಿಲ್ಲ. ಆ ಕರೆ ಫೋನಿನಲ್ಲಿ ತಾನಾಗಿಯೇ ರೆಕಾರ್ಡ್ ಆಗಿ ಉಳಿದಿತ್ತು. ಅದೂ ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯಕ್ಕೆ ಮಲ್ಲಿಕಾಂಬ ಮಂತ್ರವಾದಿ ದೊಡ್ಡಬೀರಪ್ಪನ ಕಾಲು ಹಿಡಿದು ಮಗಳ ದನಿಯನ್ನು ಕಟ್ಟಿಸಿದ್ದಳು. ಅಂದಿನಿಂದ ದಿನವೂ ಸಂಜೆ ಅದನ್ನು ಕಿವಿಗಿಟ್ಟುಕೊಂಡು ಕೂರುತ್ತಿದ್ದಳು.

“ಬೀರಪ್ಪ ಈಗಿಲ್ಲ, ಮತ್ತೆ ಕಟ್ಟೋರಿಲ್ಲ. ಕಟ್ಟು ಕಡಿದ್ರೆ ಅದು ಇನ್ನೊಂದು ಬಾಯಿ ಹುಡುಕ್ಕೊಂಡು ಹೋಗ್ತದೆ ಅಂದಿದ್ದ. ದಾರಾನ ನಿಧಾನಕ್ಕೆ ಜರುಗಿಸು, ಜರುಗ್ತದೆ. ನಾನು ಮಾತ್ರೆ ತಗಂಡು ಬತ್ತೀನಿ.”

ಅವಳು ಅತ್ತ ಹೋದಳು. ಚಂದ್ರಕುಮಾರ್ ಎರಡು ನಿಮಿಷ ದಾರ ಜರುಗಿಸಿ ನೋಡಿದ. ಬೇಸರವಾಯಿತು. ಬ್ಲೇಡು ತೆಗೆದುಕೊಂಡು ಒಂದೇ ಎಳೆತಕ್ಕೆ ಒಂಬತ್ತೂ ಸುತ್ತು ಕತ್ತರಿಸಿದ. ಆಮೇಲೆ ಹಾಗೆಯೇ ಸುತ್ತಿ ಗಂಟು ಹಾಕಿದರಾಯಿತು, ಮುದುಕಿಗೇನು ಗೊತ್ತಾಗುತ್ತದೆ!

ಹೊಸ ಬ್ಯಾಟರಿ ಕೂತಿತು. ಫೋನು ಬೆಳಗಿತು. ಬೆಳಗಿದ್ದೇ ಅಪ್‌ಡೇಟ್ ಕೇಳಿತು. ಹಳೆಯ ಫೋನು, ಸ್ವಲ್ಪ ಚುರುಕಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಅವನು ಒತ್ತಿದ.

ಪರದೆಯ ಮೇಲೆ ಬಿಳಿ ಗೆರೆ ತೆವಳತೊಡಗಿತು. ತಲೆಯ ಮೇಲಿನ ಫ್ಯಾನು ನಿಂತಿತು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು, ಅಂಗಡಿಯೊಳಗೆ ಮಾತ್ರ ಕಾಡಿಗೆ ಕದಡಿದಂಥ ಮಬ್ಬು. ಸುಟ್ಟ ಕೂದಲಿನ ವಾಸನೆ ದಟ್ಟವಾಯಿತು. ಸ್ಪೀಕರಿನ ಸಣ್ಣ ತೂತುಗಳಿಂದ ಯಾರೋ ಉಸಿರು ಒಳಗೆಳೆದುಕೊಂಡ ಸದ್ದು.

ಗೆರೆ ತುಂಬಿತು.

ಅದೇ ಹೊತ್ತಿಗೆ ಅವನ ಮಗಳು ಗಾನವಿ ಶಾಲೆಯಿಂದ ಬಂದಳು. ಒಂದನೇ ಕ್ಲಾಸು, ಶನಿವಾರದ ಅರ್ಧ ದಿನ. ಬ್ಯಾಗು ಕೆಳಗಿಟ್ಟು ಅಪ್ಪನತ್ತ ನೋಡಿ ಬಾಯಿ ತೆರೆದಳು.

“ಅವ್ವಾ, ನಾನ್ ಕಣೇ. ಹೊರಟಿದೀನಿ. ಕಾಯಬೇಡ, ಊಟ ಮಾಡ್ಬಿಡು.”

ಅದು ಬೆಳೆದ ಹೆಂಗಸಿನ ದನಿ.

“ಏಯ್, ಯಾರ್ ಕಲಿಸಿದ್ರೇ ನಿಂಗೆ ಇದನ್ನ?” ಎಂದು ನಗಲು ಹೋದವನ ಬೆನ್ನ ಹಿಂದೆ, ಮೇಜಿನ ಮೇಲಿನ ಫೋನು ಅತ್ತಿತು.

“ಅಪ್ಪಾ... ಇಲ್ಲಿ ಕತ್ಲೆ ಐತಪ್ಪಾ.”

ಅವನು ತಿರುಗಿ ಫೋನು ಆಫ್ ಮಾಡಿದ. ಅಳು ನಿಲ್ಲಲಿಲ್ಲ. ಮುಚ್ಚಳ ಕಿತ್ತ. ಬ್ಯಾಟರಿ ಎಳೆದು ಬಿಸಾಡಿದ. ಸತ್ತ ಫೋನು ಅಂಗೈಯಲ್ಲಿ ಅಳುತ್ತಲೇ ಇತ್ತು. ಅಪ್ಪಾ. ಅಪ್ಪಾ. ದನಿ ಸಣ್ಣಗಾಗುತ್ತಿತ್ತು. ದೂರವಾಗುತ್ತಿತ್ತು. ಮಗು ಮುಂದೆ ನಿಂತಿತ್ತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಬಾಯಿ ಮಾತ್ರ ಬೇರೆಯವರದು.

“ಅವ್ವಾ, ನಾನ್ ಕಣೇ. ಹೊರಟಿದೀನಿ.”

ಬಾಗಿಲಲ್ಲಿ ಮಾತ್ರೆಯ ಪೊಟ್ಟಣ ಬಿದ್ದ ಸದ್ದಾಯಿತು.

ಮಲ್ಲಿಕಾಂಬ ಕತ್ತರಿಸಿದ ದಾರವನ್ನು ನೋಡಲೇ ಇಲ್ಲ. ಓಡಿಬಂದು ಮಗುವನ್ನು ಬಾಚಿ ತಬ್ಬಿಕೊಂಡಳು. ಕೆನ್ನೆ ಸವರಿದಳು. ನೆತ್ತಿ ಮೂಸಿದಳು. “ಬಂದ್ಯೇನವ್ವಾ? ಬಂದ್ಯಾ?”

“ಅಜ್ಜಿ, ಅದು ನನ್ನ ಮಗಳು,” ಎಂದ ಚಂದ್ರಕುಮಾರ್. “ತಪ್ಪಾಯ್ತು. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಗಳನ್ನ ಕೊಡಿ.”

ಅವಳಿಗೆ ಕೇಳಿಸಿತು. ಆದರೂ ಬಿಡಲಿಲ್ಲ. ಇನ್ನೂ ಬಿಗಿಯಾಗಿ ಅಪ್ಪಿಕೊಂಡು ಕಣ್ಣು ಮುಚ್ಚಿದಳು. ಫೋನಿನೊಳಗಿನ ಅಳು ಈಗ ಇರುವೆ ಹರಿದಷ್ಟೇ ಕೇಳುತ್ತಿತ್ತು.

ಆಗ ಮಗುವಿನ ಬಾಯಿಂದ, ರೆಕಾರ್ಡಿನಲ್ಲಿ ಎಂದೂ ಇರದಿದ್ದ ಮಾತು ಬಂತು.

“ಏಳು ವರ್ಷದಿಂದ ಅದೊಂದೇ ಮಾತು ಆಡಿಸ್ತಿದೀಯಲ್ಲೇ ಅವ್ವಾ. ದಿನಾ ಹೊರಡ್ತೀನಿ, ಎಲ್ಲಿಗೂ ಮುಟ್ಟಲ್ಲ. ಸುಸ್ತಾಗೈತೆ ಕಣೇ. ಬಿಟ್ಬಿಡೇ.”

ಮಲ್ಲಿಕಾಂಬ ತೋಳು ಸಡಿಲಿಸಿದಳು.

“ಕಟ್ಟಿಸಿದೋಳೇ ಅಳಿಸ್ಬೇಕು ಅಂದಿದ್ದ ಬೀರಪ್ಪ,” ಎಂದಳು. “ಎಲ್ಲಿ ಒತ್ತಬೇಕು, ತೋರ್ಸು.”

ಅವನು ಬ್ಯಾಟರಿ ಕೂರಿಸಿ, ಆ ರೆಕಾರ್ಡಿಂಗ್ ಹುಡುಕಿ, ಗುಂಡಿ ತೋರಿಸಿದ. ‘ಖಚಿತವೇ?’ ಎಂದು ಫೋನು ಕೇಳಿತು. ಅವಳು ಒತ್ತಿದಳು. ಕಳೆ ಕಿತ್ತು ಕಿತ್ತು ಕಾಯಿಗಟ್ಟಿದ ಬೆರಳು, ಪರದೆಗೆ ತಿಳಿಯಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು, ತುಟಿ ಕಚ್ಚಿ, ಮೂರನೆಯ ಸಲ ಒತ್ತಿದಳು.

“ಅಪ್ಪಾ!” ಎಂದು ಚೀರಿ ಗಾನವಿ ಅವನ ಮೇಲೆ ಬಿದ್ದಳು. ಅವಳದೇ ದನಿ. ಫ್ಯಾನು ತಿರುಗತೊಡಗಿತು.

ಮಲ್ಲಿಕಾಂಬ ಫೋನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಇಳಿದವಳು ತಿರುಗಿ ನಿಂತಳು. ಮುಖದಲ್ಲಿ ಗಾಬರಿ.

“ಅವಳ ದನಿ ಹೆಂಗಿತ್ತಪ್ಪಾ? ಮುಖ ಕಾಣ್ತದೆ. ದನಿ ನೆಪ್ಪಿಗೆ ಬತ್ತಿಲ್ಲ. ಈಗಿನ್ನೂ ಕೇಳಿದ್ನಲ್ಲ...”

ಫೋನಿನಿಂದ ಅಳಿಸಿದ್ದು ಅವಳ ನೆನಪಿನಿಂದಲೂ ಅಳಿಸಿತ್ತು.

ಅಂದಿನಿಂದ ಪ್ರತಿ ಸಂತೆಯ ದಿನ ಅವಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ. ಅದೇ ಒಂದು ಪ್ರಶ್ನೆ ಕೇಳುತ್ತಿದ್ದಳು. “ಸ್ವಲ್ಪ ಒಡಕು ದನಿ ಅಜ್ಜಿ, ನೆಗಡಿ ಆದೋರ ಥರ,” ಎಂದು ಅವನು ಹೇಳುತ್ತಿದ್ದ. ಅವಳು ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಆ ದನಿಯನ್ನು ತನ್ನೊಳಗೆ ಹುಡುಕುತ್ತಿದ್ದಳು. ಹೇಳಿದಷ್ಟೂ ಅದು ಅವನಲ್ಲಿಯೂ ಸವೆಯುತ್ತ ಬಂತು. ಆರನೆಯ ವಾರ ಅವನು ತಲೆಯೊಳಗೆ ತಡಕಾಡಿದ. ಏನೂ ಉಳಿದಿರಲಿಲ್ಲ.

“ಹೇಳಪ್ಪಾ.”

“ಸಣ್ಣ ದನಿ ಅಜ್ಜಿ,” ಎಂದುಬಿಟ್ಟ. “ಗೆಜ್ಜೆ ಅಲ್ಲಾಡಿಸಿದಂಗೆ.”

ಮಲ್ಲಿಕಾಂಬ ಅವನನ್ನೇ ನೋಡಿದಳು.

“ಹೋದ ವಾರ ಒಡಕು ಅಂದಿದ್ದೆ,” ಎಂದಳು. ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟುಹೋದಳು.