ದ್ಯಾವಯ್ಯ ಪಟ್ಟಿಯಲ್ಲಿಲ್ಲ

"ಹಾರ್ನ್ ಹೊಡೀಬ್ಯಾಡ!"

ಹುಲಿಯಮ್ಮ ನನ್ನ ಕೈಮೇಲೆ ಪಟ್ಟನೆ ಹೊಡೆದಳು.

ಜೀಪಿನ ಎದುರು ಸಲಗ. ಒಂಟಿ. ಕಿವಿ ಅಗಲಿಸಿ ನಿಂತಿತ್ತು. ರಸ್ತೆ ತುಂಬ ಅದೇ... ಆಕಾಶದ ತುಂಬಾನೂ ಅದೇ!

"ಹಿಂದಕ್ಕೆ ತಗಿ. ನಿಧಾನಕ್ಕೆ. ಅದ್ರ ಕಣ್ ನೋಡ್ಬ್ಯಾಡ ಕಣವ್ವ."

ರಿವರ್ಸ್ ಹಾಕಿದೆ. ಗೇರು ಕಿರುಚಿತು.

ಸಲಗ ಬಂತು!

ಹೊಂಗಡಹಳ್ಳದ ಆ ಎಸ್ಟೇಟ್ ರಸ್ತೆಯಲ್ಲಿ ಮುಂದಕ್ಕೆ ಓಡಿಸುವುದೇ ಕಷ್ಟ. ನಾನು ಹಿಂದಕ್ಕೆ ಓಡಿಸಿದೆ. ಒಂದು ಕಡೆ ಕಾಫಿ ಗಿಡ, ಇನ್ನೊಂದು ಕಡೆ ಕೊರಕಲು. ಕನ್ನಡಿಯಲ್ಲಿ ತಿರುವು, ಗಾಜಿನಲ್ಲಿ ದಂತ. ತಿರುವಿನಲ್ಲಿ ಹಿಂದಿನ ಚಕ್ರ ಬರೀ ಗಾಳಿಯಲ್ಲಿ ತಿರುಗಿತು... ಮತ್ತೆ ನೆಲ ಹಿಡಿಯಿತು.

ಸಲಗ ನಿಂತಿತು. ಸೊಂಡಿಲಲ್ಲಿ ಮಣ್ಣು ಬಾಚಿ ನಮ್ಮ ಕಡೆ ಎಸೆಯಿತು. ಆಮೇಲೆ ಏನೋ ನೆನಪಾದ ಹಾಗೆ ತಿರುಗಿ ತೋಟದ ಕೆಳಗಿನ ಬ್ಲಾಕಿಗೆ ಇಳಿದು ಹೋಯಿತು.

ಆ ಬ್ಲಾಕಿನಲ್ಲೇ ದ್ಯಾವಯ್ಯ ಇದ್ದ.

ಹುಲಿಯಮ್ಮನ ಗಂಡ. ಎಸ್ಟೇಟಿನ ಆನೆ ಕಾವಲುಗಾರ. ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಫೋನ್ ಹೋಗುತ್ತಿಲ್ಲ.

ಯಾಕೆ ಹೋಗುತ್ತಿಲ್ಲ ಅಂತ ಆ ಜೀಪಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಆ ಫೋನನ್ನು ಸಾಯಿಸಿದವಳು ನಾನು.

ನನ್ನ ಹೆಸರು ಕೃತಿಕಾ. ಸಕಲೇಶಪುರದಲ್ಲಿ ಒಂದು ರೂಮಿನ ಆಫೀಸು. ಎಸ್ಟೇಟಿನವರಿಗೆ ಕಂಪ್ಯೂಟರ್ ಕೈಕೊಟ್ಟಾಗ ನನ್ನನ್ನು ಕರೆಯುತ್ತಾರೆ. ನಾನು ಸರಿಮಾಡುತ್ತೇನೆ. ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅದೇ ನನ್ನ ಹೆಗ್ಗಳಿಕೆ... ಅದೇ ನನ್ನ ರೋಗ!

ಈ ಎಸ್ಟೇಟಿನ ಮ್ಯಾನೇಜರ್ ರಾಜಶೇಖರ್ ಕರೆದದ್ದೂ ಹಾಗೇ.

"ನಮ್ಮ ಎಚ್‌ಆರ್ ಸಾಫ್ಟ್‌ವೇರಿಗೆ ಒಂದು ಎಐ ಏಜೆಂಟ್ ಕನೆಕ್ಟ್ ಮಾಡಮ್ಮ. ಆಳು ಸೇರಿಸೋದು, ತೆಗೆಯೋದು, ರಜೆ, ಸಿಮ್ಮು... ಎಲ್ಲಾ ಅದೇ ನೋಡ್ಕೊಳ್ಳಲಿ. ನನ್ನ ತಲೆ ತಿನ್ನಬಾರದು."

ಮಾಡಿದೆ. ಕಪ್ಪು ಪರದೆ, ಮಿಣುಕುವ ಕರ್ಸರ್. ಕಮಾಂಡ್ ಲೈನ್ ಅಂದರೆ ಅಷ್ಟೇ. ಅಲ್ಲಿ ಸರಿಯಾದ ಒಂದು ಸಾಲು ಟೈಪ್ ಮಾಡಿದರೆ ಇಡೀ ಎಸ್ಟೇಟಿನ ಬೀಗದ ಕೈ ಏಜೆಂಟಿನ ಸೊಂಟಕ್ಕೆ.

ನನ್ನಜ್ಜಿಯ ಕತೆಯಲ್ಲೊಂದು ಭೂತ ಇತ್ತು. ಹೇಳಿದ್ದನ್ನೆಲ್ಲ ಮಾಡುವ ಭೂತ. ಆದರೆ ಪ್ರತಿ ಸಲವೂ "ಮಾಡಲಾ?" ಅಂತ ಕೇಳುತ್ತಿತ್ತು. ಕೇಳಿಸಿಕೊಂಡು ಬೇಸತ್ತ ರಾಜಕುಮಾರಿ ಒಂದು ದಿನ "ಕೇಳಬೇಡ ಹೋಗು" ಅಂದಳು. ಮುಂದೇನಾಯಿತೋ ನನಗೆ ಗೊತ್ತಿಲ್ಲ. ಅಷ್ಟೊತ್ತಿಗೆ ಯಾವಾಗಲೂ ನಿದ್ದೆ ಬಂದಿರುತ್ತಿತ್ತು.

ಏಜೆಂಟೂ ಹಾಗೇ ಕೇಳುತ್ತಿತ್ತು. ಒಂದೊಂದು ಹೆಸರಿಗೂ ಒಂದೊಂದು ಪ್ರಶ್ನೆ. ನಾನು ಸಾಲಿನ ಕೊನೆಗೆ ಎರಡು ಗೀಟು ಎಳೆದು 'ಯೆಸ್' ಅಂತ ಸೇರಿಸಿದೆ. ಅಂದರೆ... ನನ್ನನ್ನು ಕೇಳಬೇಡ, ಮಾಡಿಬಿಡು.

ಕೆಲಸಕ್ಕೆ ಬರುವುದನ್ನೇ ಬಿಟ್ಟವರ ಹೆಸರು ತೆಗೆ ಅಂದೆ. ಎದ್ದು ಕಾಫಿ ಕುಡಿಯಲು ಹೋದೆ.

ದ್ಯಾವಯ್ಯ ಯಾವತ್ತೂ ಹಾಜರಿ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಿದವನಲ್ಲ. ಬೆಳಕು ಹರಿಯುವ ಮುಂಚೆ ಆಳುಗಳ ಲೈನ್ ಮನೆಯ ಹಿಂದಿನಿಂದಲೇ ಕಾಡಿಗೆ ಇಳಿಯುವವನು. ಆನೆ ಕಂಡರೆ ಆಳುಗಳ ಲೆಕ್ಕ ಬರೆಯುವ ರೈಟರ್ ಶಿವಯ್ಯನಿಗೆ ಫೋನ್. ಕಾಣದಿದ್ದರೆ ಫೋನಿಲ್ಲ. ಎಸ್ಟೇಟು ನಡೆಯುತ್ತಿದ್ದದ್ದೇ ಹಾಗೆ. ದ್ಯಾವಯ್ಯ ಸುಮ್ಮನಿದ್ದಾನೆ ಅಂದರೆ ದಾರಿ ಸಾಫ್! ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯಲು ಇಳಿಯಬಹುದು.

ಏಜೆಂಟಿಗೆ ಇದನ್ನು ಹೇಳಿದವರು ಯಾರು? ಹೆಬ್ಬೆಟ್ಟಿಲ್ಲ ಅಂದರೆ ಮನುಷ್ಯನೂ ಇಲ್ಲ. ಪಟ್ಟಿಯಿಂದ ಕಿತ್ತು ಹಾಕಿತು. ಕೆಲಸ ಬಿಟ್ಟವರ ಕಂಪನಿ ಸಿಮ್ ತಾನಾಗಿಯೇ ಬಂದ್.

ಮಾರನೆಯ ಬೆಳಿಗ್ಗೆ ಸಲಗ ಕೆಳಗಿನ ಬ್ಲಾಕಿನಲ್ಲಿತ್ತು. ದ್ಯಾವಯ್ಯ ಫೋನ್ ಒತ್ತಿದ. ಒತ್ತುತ್ತಲೇ ಇದ್ದ. ಇತ್ತ ಶಿವಯ್ಯನಿಗೆ ಫೋನ್ ಬರಲಿಲ್ಲ... ಹೆಂಗಸರನ್ನು ಇಳಿಸಿದ.

ದ್ಯಾವಯ್ಯ ಕೂಗುತ್ತಾ ಓಡಿ ಬಂದು ಆನೆಗೂ ಅವರಿಗೂ ನಡುವೆ ನಿಂತನಂತೆ. ಹೆಂಗಸರೆಲ್ಲ ಮೇಲೆ ಬಂದರು. ಹುಲಿಯಮ್ಮನೂ ಬಂದಳು.

ಅವನು ಬರಲಿಲ್ಲ.

ಅರಣ್ಯ ಇಲಾಖೆಯವರು ಬೇರೊಂದು ಹಿಂಡಿನ ಹಿಂದೆ ಬಿಸಿಲೆ ಕಡೆ ಹೋಗಿದ್ದರು. ಶಿವಯ್ಯ ನನಗೆ ಫೋನ್ ಮಾಡಿದ. "ಮೇಡಂ, ದ್ಯಾವಣ್ಣನ ಸಿಮ್ಮಿಗೆ ಏನಾಗೈತೆ ಸ್ವಲ್ಪ ನೋಡ್ರಿ..."

ನೋಡಿದೆ. ಪಟ್ಟಿಯಲ್ಲಿ ಹೆಸರೇ ಇಲ್ಲ. ಗಾಬರಿಯಲ್ಲಿ ಅಲ್ಲೇ ಸರಿಮಾಡುವುದೂ ತೋಚದೆ ಜೀಪು ಹತ್ತಿದೆ; ಎಸ್ಟೇಟ್ ಗೇಟಿನಲ್ಲಿ ಹುಲಿಯಮ್ಮ ಹತ್ತಿಕೊಂಡಳು.

ಸಲಗ ಅತ್ತ ಇಳಿದು ಹೋದ ಮೇಲೆ ಗುಡ್ಡದ ನೆತ್ತಿಯಲ್ಲಿ ಬ್ರೇಕ್ ಹಾಕಿದೆ. ಅಲ್ಲಿ ಮಾತ್ರ ಇಂಟರ್ನೆಟ್ ಸಿಗುವಷ್ಟು ಸಿಗ್ನಲ್. ಬಾನೆಟ್ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ.

"ನೀನ್ ಬಂದಿದ್ದು ದೊಡ್ ಉಪ್ಕಾರ ಆಯ್ತು ಕಣವ್ವ" ಅಂದಳು ಹುಲಿಯಮ್ಮ. "ಬ್ಯಾರೆ ಯಾರ್ ಬರ್ತಿದ್ರು? ಮಾನೇಜ್ರು ಗೇಟ್ ದಾಟ್ಲಿಲ್ಲ."

ಆ ಮಾತು ತಡೆಯಲಾಗಲಿಲ್ಲ. ದಂತವಾದರೂ ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ.

"ಹುಲಿಯಮ್ಮ... ಫೋನ್ ಕೆಟ್ಟಿಲ್ಲ. ನಾನೇ ನಿಲ್ಲಿಸಿದ್ದು. ಗೊತ್ತಿಲ್ಲದೆ. ನಿಮ್ಮ ಯಜಮಾನರು ಕೆಲಸ ಬಿಟ್ಟಿದ್ದಾರೆ ಅಂತ ಹೆಸರು ತೆಗೆದುಬಿಟ್ಟೆ."

ಅವಳು ನನ್ನನ್ನು ನೋಡಿದಳು.

"ಮೊದ್ಲು ನನ್ ಗಂಡ ಸಿಗ್ಲಿ" ಅಂದಳು. "ಆಮೇಲ್ ಬೈತೀನಿ. ಈಗ ಪುರ್ಸೊತ್ತಿಲ್ಲ."

ಫೋನ್ ರಿಂಗಾಯಿತು. ರಾಜಶೇಖರ್.

"ಎಲ್ಲಿದ್ದೀಯ?"

"ನೆತ್ತಿಯಲ್ಲಿ ಸಾರ್. ದ್ಯಾವಯ್ಯನನ್ನು ವಾಪಸ್ ಸೇರಿಸ್ತಿದ್ದೀನಿ. ಸಿಮ್ಮಿಗೆ ಜೀವ ಬಂದರೆ ಎಲ್ಲಿದ್ದಾರೆ ಅಂತ ಅವರೇ ತಿಳಿಸ್ತಾರೆ."

"ಮುಟ್ಟಬೇಡ!"

"ಸಾರ್?"

"ತಲೆ ಉಪಯೋಗಿಸಮ್ಮ. ಇವತ್ತು ಅವನು ನಮ್ಮ ನೌಕರ ಅಲ್ಲ. ನಮ್ಮವನಲ್ಲದವನು ಆನೆ ಕಾಲಿಗೆ ಸಿಕ್ಕರೆ ಅದು ನಮ್ಮ ತಲೆನೋವಲ್ಲ. ಅರ್ಥ ಆಯ್ತಾ? ನಿನ್ನ ತಪ್ಪು ಹೇಗೋ ನಮಗೆ ಒಳ್ಳೇದೇ ಮಾಡಿದೆ."

ಒಳ್ಳೇದು! ಆ ಒಳ್ಳೇದರಲ್ಲಿ ನನಗೂ ಒಂದು ಪಾಲಿತ್ತು ನೋಡಿ... ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು.

"ಸೇರಿಸಿದೆಯೋ, ಆಲೂರಿಂದ ಬಿಸಿಲೆವರೆಗೆ ಒಂದು ಎಸ್ಟೇಟಿನಲ್ಲೂ ನಿನಗೆ ಕೆಲಸ ಇರಲ್ಲ."

"ಸಾರ್, ನಿಮ್ಮ ಧ್ವನಿ ಕಟ್ ಆಗ್ತಿದೆ."

ಕಟ್ ಮಾಡಿದೆ.

"ನಾವ್ ಫೋನ್ ಮಾಡಾದ್ ಬ್ಯಾಡ" ಅಂದಳು ಹುಲಿಯಮ್ಮ. "ಆನೆ ಪಕ್ದಲ್ಲೇ ಇದ್ರೆ ಸದ್ದು ಕೇಳ್ಬುಡ್ತದೆ. ಟವರ್ ಬಂದ್ರೆ ಅವ್ರೇ ಮೆಸೇಜ್ ಹಾಕ್ತಾರೆ. ನೀನ್ ಸಿಮ್ಮಿಗ್ ಜೀವ ಕೊಡು, ಅಷ್ಟೇಯ."

ಟೈಪ್ ಮಾಡಿದೆ. ದ್ಯಾವಯ್ಯನನ್ನು ಮತ್ತೆ ಸೇರಿಸು. ಅವಸರದಲ್ಲಿ ಹಳೆಯ ಸಾಲನ್ನೇ ಎಳೆದುಕೊಂಡಿದ್ದೆ. ಕೊನೆಯಲ್ಲಿ ಎರಡು ಗೀಟು, ಯೆಸ್. ಎಂಟರ್ ಒತ್ತಿದೆ.

'ಸೇರಿಸಲಾಗಿದೆ. ಸಿಮ್ ಚಾಲೂ ಆಗಿದೆ.'

ಉಸಿರು ಬಿಟ್ಟೆ.

ಮತ್ತೊಂದು ಸಾಲು ಮೂಡಿತು.

'ಹೊಸ ನೌಕರರಿಗೆ ಸ್ವಾಗತ ಕರೆ ಮಾಡಲಾಗುತ್ತಿದೆ...'

ಅಯ್ಯೋ! ಅದನ್ನು ಇಟ್ಟವಳೂ ನಾನೇ!

ಕೆಳಗಿನ ಬ್ಲಾಕಿನಿಂದ ಕೋಳಿ ಕೂಗಿತು.

ಕೊಕ್ಕೊಕ್ಕೋ... ಕಾಡು ನಡುಗುವ ಹಾಗೆ!

"ಅವ್ರ ಫೋನು!" ಹುಲಿಯಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. "ಮೊಮ್ಮಗ್ಳು ಹಾಕ್ಕೊಟ್ಟಿದ್ಲು ಆ ಕೋಳಿನ..."

ಸಲಗ ಘೀಳಿಟ್ಟಿತು. ಗಿಡಗಳು ಮುರಿಯುವ ಸದ್ದು. ಕೀಬೋರ್ಡ್ ಮೇಲೆ ಬಡಿದೆ. ನಿಲ್ಲಿಸು! ನಿಲ್ಲಿಸು! ಏಜೆಂಟ್ ಶಾಂತವಾಗಿ ಬರೆಯಿತು... 'ಕರೆ ನಡೆಯುತ್ತಿದೆ.'

ಕೊಕ್ಕೊಕ್ಕೋ...

ಆಗ ಕೋಳಿ ಹಾರಿತು.

ನಿಜ. ಸದ್ದು ಜಾಗ ಬದಲಿಸಿತು. ಗಾಳಿಯಲ್ಲೇ ಕೂಗುತ್ತಾ ಬಲಕ್ಕೆ ಹೋಯಿತು. ಮರಕ್ಕೆ ಬಡಿಯಿತು. ದೂರದ ಪೊದೆಯೊಳಗಿಂದ ಮತ್ತೆ ಕೂಗಿತು. ಸಲಗ ಅದರ ಹಿಂದೆ ಮರಗಳ ನಡುವೆ ನುಗ್ಗಿದ್ದು ಮೇಲಿನಿಂದ ಕಂಡಿತು.

ಪಟ್!

ಕೋಳಿ ನಿಂತಿತು.

ಎಲ್ಲವೂ ನಿಂತಿತು. ಹುಲಿಯಮ್ಮ ನನ್ನ ಮೊಣಕೈಗೆ ಉಗುರು ಇಳಿಸಿದ್ದಳು. ಇಳಿಸಲಿ, ಇನ್ನೂ ಆಳಕ್ಕೆ ಇಳಿಸಲಿ ಅನ್ನಿಸಿತು.

ಸಲಗ ಹಳ್ಳ ದಾಟಿ ಆಚೆ ದಂಡೆ ಏರಿತು. ಆಮೇಲೆ ಎಡಗಡೆಯ ಬಂಡೆ ಹಿಂದಿನಿಂದ ಒಂದು ದನಿ ಬಂತು.

"ಯಾವನ್ಲಾ ಅವ್ನು, ಈಗ್ ಫೋನ್ ಮಾಡ್ದೋನು!"

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಹುಲಿಯಮ್ಮ ಆಗಲೇ ಇಳಿಜಾರಿನಲ್ಲಿ ಅರ್ಧ ಇಳಿದಿದ್ದಳು.

ದ್ಯಾವಯ್ಯನ ಬಲಗಾಲು ಮೊಣಕಾಲಿನ ಕೆಳಗೆ ತಪ್ಪು ದಿಕ್ಕಿಗೆ ತಿರುಗಿತ್ತು. ಬೆಳಿಗ್ಗೆ ಓಡುವಾಗ ಬಂಡೆಯಿಂದ ಬಿದ್ದದ್ದಂತೆ. ಅಲ್ಲಾಡದೆ ಅಲ್ಲೇ ಕೂತಿದ್ದ. ಆನೆ ಹೋಗಿ ಹೋಗಿ ಮತ್ತೆ ಅಲ್ಲಿಗೇ ಬರುತ್ತಿತ್ತಂತೆ. ಫೋನ್ ಕೂಗಿದ ಕೂಡಲೇ ಅದನ್ನು ದೂರಕ್ಕೆ ಎಸೆದಿದ್ದ. ಇಬ್ಬರೂ ಸೇರಿ ಹೊತ್ತು ಜೀಪಿಗೆ ಹಾಕಿದೆವು. ಒಂದು ಸಲವೂ ನರಳಲಿಲ್ಲ.

"ಮೊಬೈಲು ಹೋಗ್ಬುಟ್ತಲ್ಲೇ" ಅಂದ ಹೆಂಡತಿಗೆ. "ಅದ್ರಾಗೆ ಮಗೀನ್ ಫೋಟ ಇದ್ವು."

ಅಷ್ಟು ಸಾಕಾಯಿತು ನನಗೆ.

ಸಕಲೇಶಪುರದ ರಸ್ತೆ ಹಿಡಿಯುವ ಮುಂಚೆ ಒಂದು ಕೆಲಸ ಮಾಡಿದೆ. ಏಜೆಂಟನ್ನು ಮುಚ್ಚಿ ಮತ್ತೆ ಎಬ್ಬಿಸಿದೆ. ಎರಡು ಗೀಟು, ಯೆಸ್... ಎರಡನ್ನೂ ಅಳಿಸಿದೆ. ಲ್ಯಾಪ್‌ಟಾಪನ್ನು ಹುಲಿಯಮ್ಮನ ತೊಡೆಯ ಮೇಲಿಟ್ಟೆ. ಹಿಂದಿನ ಸೀಟಿನಲ್ಲಿ ದ್ಯಾವಯ್ಯ ಹಲ್ಲು ಕಚ್ಚಿಕೊಂಡು ಮಲಗಿದ್ದ.

ರಾಜಶೇಖರ್ ಮತ್ತೆ ಫೋನ್ ಮಾಡಿದ.

"ಅವರು ನಿಮ್ಮ ನೌಕರರೇ ಸಾರ್" ಅಂದೆ. "ಪಟ್ಟಿಯಲ್ಲಿದ್ದಾರೆ. ಡ್ಯೂಟಿಯಲ್ಲಿ ಕಾಲು ಮುರಿದಿದೆ. ಆಸ್ಪತ್ರೆಗೆ ಬನ್ನಿ."

"ನಿನ್ನ ಕತೆ ಮುಗೀತು, ತಿಳ್ಕೊ!"

"ಗೊತ್ತು ಸಾರ್."

ಆನೇಮಹಲ್ ಹತ್ತಿರ ಲಾರಿಗಳ ಸಾಲು. ಜೀಪು ನಿಂತಿತು. ಪರದೆ ಮಿನುಗಿತು. ಏಜೆಂಟ್ ಕೇಳುತ್ತಿತ್ತು. ನಾನು ಬಾಯಿ ಕಟ್ಟಿದ ಮೇಲೆ ಮೊದಲ ಸಲ ಕೇಳುತ್ತಿತ್ತು!

'ದ್ಯಾವಯ್ಯ ಅವರ ಕಂಪನಿ ಫೋನ್ ಸಂಪರ್ಕದಲ್ಲಿಲ್ಲ. ಹಾಳಾಗಿದೆ ಎಂದು ದಾಖಲಿಸಲೇ? ಹೊಣೆ ಯಾರ ಹೆಸರಿಗೆ?'

ಕೈ ಚಾಚಿ ನನ್ನ ಹೆಸರು ಟೈಪ್ ಮಾಡಿದೆ.

'ಈ ಹೆಸರಿನವರು ಪಟ್ಟಿಯಲ್ಲಿಲ್ಲ. ಇವರು ಯಾರು?'

ಹುಲಿಯಮ್ಮನಿಗೆ ಓದಲು ಬರುವುದಿಲ್ಲ. ನನ್ನ ಮುಖ ಓದಿದಳು.

"ಏನಂತೈತೆ ಅದು?"

"ನಾನು ಯಾರು ಅಂತ ಕೇಳ್ತಿದೆ."

ಹಿಂದಕ್ಕೆ ತಿರುಗಿ ಗಂಡನ ಕಾಲಿಗೆ ಹೊದಿಸಿದ್ದ ಬಟ್ಟೆ ಸರಿಮಾಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಈಗ ಅವಳಿಗೆ ಪುರುಸೊತ್ತಿತ್ತು.

"ಹೇಳ್ಬುಡು... ನನ್ ಗಂಡನ್ ಕಾಲ್ ಮುರ್ದೋಳು ಅಂತ."